ಬಿಸಿಲು ಬಾರದ ಹಿತ್ತಿಲಲ್ಲಿ ಆಟಿಯ ಅಡುಗೆ

ಮನೆಗಳು ಒತ್ತೊತ್ತಾದವು. ಅಂಗಳಕ್ಕೆ ಇಂಟರ್‌ಲಾಕ್ ಬಂತು. ಗಿಡ ನೆಡಲು ಉಳಿದದ್ದು ಗೋಡೆ ಬದಿಯ ಹತ್ತಡಿ ನೆರಳು ಮಾತ್ರ. ಅಲ್ಲೇನೂ ಆಗದು ಎಂದು ಕೈಬಿಡಬೇಡಿ! ಕರಾವಳಿಯ ಮಳೆಗಾಲದ ಊಟದಲ್ಲಿ ಅರ್ಧಕ್ಕರ್ಧ ಹುಟ್ಟಿದ್ದೇ ನೆರಳಿನಲ್ಲಿ.

ನಾಗರಪಂಚಮಿಯ ಹಿಂದಿನ ದಿನ. ಉಡುಪಿಯ ರಥಬೀದಿಯ ಸುತ್ತಮುತ್ತ ಟಾರ್ಪಾಲು ಕಟ್ಟಿಕೊಂಡ ವ್ಯಾಪಾರ. ಹಿಂಗಾರ, ಕೇದಗೆ, ಸೀಯಾಳದ ರಾಶಿ. ಅದರ ಪಕ್ಕದಲ್ಲೇ ಬಾಳೆನಾರಿನಿಂದ ಬಿಗಿದ ಅರಶಿನ ಎಲೆಯ ಕಟ್ಟುಗಳು. ಜಡಿಮಳೆಯ ನೀರು ಟಾರ್ಪಾಲಿನ ಅಂಚಿನಿಂದ ಸುರಿದು ಎಲೆಗಳ ಮೇಲೆ ಸಿಡಿದರೆ ಇಡೀ ದಾರಿಗೆ ಅರಶಿನದ ಪರಿಮಳ.

"ಕಟ್ಟಿಗೆ ಎಷ್ಟು ಅಕ್ಕ?"

"ಬೇಗ ತಕ್ಕೊಳ್ಳಿ ಅಮ್ಮ, ಸಂಜೆಗೆ ಸಿಕ್ಕುವುದಿಲ್ಲ."

ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ. ಎಲೆ ಕೊಂಡು ಬಸ್ಸಿಗೆ ಓಡುವ ಈ ಜನರಲ್ಲಿ ಅನೇಕರ ಮನೆಯ ಹಿಂದೆ ಒಂದು ಮೂಲೆ ಇರುತ್ತದೆ. ಅಡುಗೆಮನೆಯ ಗೋಡೆಗೂ ಕಂಪೌಂಡಿಗೂ ನಡುವೆ ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಪಕ್ಕದ ಮನೆಯವರು ಮಾಳಿಗೆ ಎಬ್ಬಿಸಿದ ಮೇಲೆ ಅಲ್ಲಿ ಬಿಸಿಲು ಕಡಿಮೆ. ಬೆಂಡೆ ಹಾಕಿದರೆ ಉದ್ದಕ್ಕೆ ಸೊರಗಿ ಬಾಗಿತು, ಗುಲಾಬಿ ಮೊಗ್ಗೇ ಬಿಡಲಿಲ್ಲ. ಈಗ ಅಲ್ಲಿ ಒಡೆದ ಬಕೆಟ್, ಉಳಿದ ಟೈಲ್ಸ್, ಹಳೆಯ ಹೆಂಚು.

ರಥಬೀದಿಯಲ್ಲಿ ದುಡ್ಡು ಕೊಟ್ಟು ತಂದ ಅರಶಿನ ಎಲೆ ಆ ಮೂಲೆಯಲ್ಲೇ ಸೊಗಸಾಗಿ ಬೆಳೆಯುತ್ತಿತ್ತು. ಪತ್ರೊಡೆಗೆ ತಂದ ಕೆಸುವಿನೆಲೆಯೂ, ಚಟ್ನಿಗೆ ತಂದ ತಿಮರೆಯೂ.

ಆಟಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು. ಹಿಂದೆ ನಾಟಿ ಮುಗಿದು, ಮನೆಯ ಅಕ್ಕಿ ತಳ ಕಂಡು, ತರಕಾರಿ ಸಾಲುಗಳು ಮಳೆಗೆ ಕೊಳೆತು ನಿಲ್ಲುವ ಕಷ್ಟದ ಕಾಲ. ಆಗ ಹೊಟ್ಟೆಗೆ ಆದದ್ದು ಬಾವಿಕಟ್ಟೆಯ ಬದಿ, ಹಟ್ಟಿಯ ಹಿಂದೆ, ತೆಂಗಿನ ಬುಡದಲ್ಲಿ, ಹಲಸಿನ ಕೆಳಗೆ ತಾನಾಗಿ ಚಿಗುರಿದ ಸೊಪ್ಪು ಮತ್ತು ಗಡ್ಡೆ. ಬಯಲಲ್ಲಿ ಹುಟ್ಟುವ ತಜಂಕ್ ಸೊಪ್ಪಿನಂಥ ಒಂದೆರಡನ್ನು ಬಿಟ್ಟರೆ ಆಟಿಯ ಬಾಳೆಲೆಯ ಮೇಲೆ ಬರುವ ಹಸಿರೆಲ್ಲ ನೆರಳಿನ ಕೂಸು. ನೆರಳಿನ ಹಿತ್ತಿಲಲ್ಲಿ ಏನು ನೆಡಲಿ ಎಂದು ಕೇಳುವ ಉಡುಪಿ, ಮಣಿಪಾಲ, ಕಾಪು, ಕಾರ್ಕಳದವರಿಗೆ ಬೇರೆ ಪಟ್ಟಿಯೇ ಬೇಡ. ಅಜ್ಜಿ ಆಟಿಯಲ್ಲಿ ಏನೇನು ಬಡಿಸುತ್ತಿದ್ದರು ಎಂದು ನೆನಪು ಮಾಡಿಕೊಂಡರೆ ಸಾಕು.

ಎಲೆ ಬೇಕೋ, ಕಾಯಿ ಬೇಕೋ

ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದದ್ದು ಇದೊಂದೇ. ಹೂವಿಗೆ, ಕಾಯಿಗೆ, ಹಣ್ಣಿಗೆ ಗಿಡ ತುಂಬ ಸಕ್ಕರೆ ಕೂಡಿಸಬೇಕು. ಅದಕ್ಕೆ ದಿನಕ್ಕೆ ಆರು ತಾಸಿನಷ್ಟಾದರೂ ನೇರ ಬಿಸಿಲು ಬೇಕು. ಅದಿಲ್ಲದ ಜಾಗದಲ್ಲಿ ಬದನೆ, ಟೊಮೆಟೊ, ಮೆಣಸಿಗೆ ಎಷ್ಟು ಗೊಬ್ಬರ ಸುರಿದರೂ ಫಲವಿಲ್ಲ.

ಎಲೆಯ ವಿಷಯ ಹಾಗಲ್ಲ. ಬೆಳಕು ಕಡಿಮೆಯಾದಷ್ಟೂ ನೆರಳಿನ ಗಿಡ ಎಲೆಯನ್ನು ಅಗಲ ಮಾಡುತ್ತದೆ, ತೆಳು ಮಾಡುತ್ತದೆ. ಸಿಕ್ಕಷ್ಟು ಬೆಳಕನ್ನು ಹಿಡಿಯಲು ಅದು ಕಂಡುಕೊಂಡ ದಾರಿ ಅದು. ಅಡುಗೆಮನೆಗೆ ಬೇಕಾದದ್ದೂ ಇದೇ! ಪತ್ರೊಡೆ ಸುತ್ತಲು ಅಗಲದ, ಎಳಸಾದ ಎಲೆ ಬೇಕು. ಪಂಚಮಿಯ ಗಟ್ಟಿ ಎಂಬ ಕಡುಬಿಗೆ ಹಿಟ್ಟು ಹಚ್ಚಿ ಮಡಚುವಾಗ ಅರಶಿನ ಎಲೆ ನಡುವೆ ಸೀಳಬಾರದು. ಬಿಸಿಲಲ್ಲಿ ಬೆಳೆದ ಎಲೆ ಗಿಡ್ಡ, ಒರಟು. ಅರೆನೆರಳಿನದು ಮೆತ್ತಗೆ ಬಾಗುತ್ತದೆ. ನೆರಳು ಎಂಬ ಕೊರತೆ ಇಲ್ಲಿ ಅನುಕೂಲವೇ.

[ಚೌಕಟ್ಟು] ಇವು ಬಿಸಿಲಿನ ಮಕ್ಕಳು

ಊರಿನ ಹೆಸರು ಹೊತ್ತ ಬೆಳೆ ಎಂಬ ಪ್ರೀತಿಯಿಂದ ಇವನ್ನು ನೆರಳಿಗೆ ತಂದು ಹಿಂಸೆ ಮಾಡಬೇಡಿ.

ಮಟ್ಟು ಗುಳ್ಳ: ಕಟಪಾಡಿ ಬಳಿಯ ಮಟ್ಟುವಿನ ಬದನೆ. ವಾದಿರಾಜ ಗುರುಗಳು ಬೀಜ ಕೊಟ್ಟರೆಂಬ ಐತಿಹ್ಯ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂತು. ತೆರೆದ ಗದ್ದೆ, ತುಂಬು ಬಿಸಿಲು ಬೇಕು.

ಶಂಕರಪುರ ಮಲ್ಲಿಗೆ: ಕಾಪು ಸಮೀಪದ ಶಂಕರಪುರದ ಹೆಸರಲ್ಲಿ ಪ್ರಸಿದ್ಧವಾದ ಉಡುಪಿ ಮಲ್ಲಿಗೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನೆರಳಿಗೆ ಹಾಕಿದರೆ ಬಳ್ಳಿಯಂತೆ ಎಲೆ ಬೆಳೆದೀತು, ಮೊಗ್ಗು ಬಾರದು. ಟೆರೇಸಿನ ಕುಂಡದಲ್ಲಿ ಇಟ್ಟುಕೊಳ್ಳಿ.

ಕಾರ್ಕಳದ ಬಿಳಿ ಬೆಂಡೆ: ಇದಕ್ಕೂ ಬಯಲೇ ಬೇಕು.

ನೆರಳಿಗೂ ಪಂಚಾಂಗ ಇದೆ

ನೆರಳು ಎಂದರೆ ವರ್ಷವಿಡೀ ಒಂದೇ ಅಲ್ಲ. ಈ ಲೇಖನದಲ್ಲಿ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವ ಸಂಗತಿ ಇದು, ಏಕೆಂದರೆ ಗಿಡ ಕೊಳ್ಳುವವರು ಇದನ್ನು ನೋಡುವುದೇ ಇಲ್ಲ.

ಉಡುಪಿ ಇರುವುದು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹೀಗಾಗಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರದ ಹೊತ್ತಿಗೆ, ನಡುಹಗಲ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರು ಜನರಿಗೆ ತೋರಿಸುತ್ತ ಬಂದಿರುವ 'ಶೂನ್ಯ ನೆರಳಿನ ದಿನ' ಇದೇ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಉಳಿದ ತಿಂಗಳು ದಕ್ಷಿಣಕ್ಕೆ.

ಇಪ್ಪತ್ತಡಿ ಎತ್ತರದ ಮನೆಯೊಂದನ್ನು ಲೆಕ್ಕಕ್ಕೆ ಹಿಡಿಯೋಣ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನಲ್ಲೂ ಅದರ ನೆರಳು ಉತ್ತರ ಬದಿಗೆ ಸುಮಾರು 15 ಅಡಿ ಚಾಚುತ್ತದೆ. ಎಂದರೆ ಉತ್ತರದ ಹತ್ತಡಿ ಹಿತ್ತಿಲು ಪೂರ್ತಿ ಕತ್ತಲೆ. ಅದೇ ಮನೆಯ ನೆರಳು ಜೂನ್‌ನಲ್ಲಿ ದಕ್ಷಿಣಕ್ಕೆ ಬೀಳುತ್ತದೆ, ಅದೂ ಮೂರೂವರೆ ಅಡಿ ಮಾತ್ರ. ಚಳಿಗಾಲದಲ್ಲಿ ಕತ್ತಲೆಯಾಗಿದ್ದ ಉತ್ತರದ ಮೂಲೆಗೆ ಮೇ ತಿಂಗಳಲ್ಲಿ ನೆತ್ತಿಯ ಬಿಸಿಲು ಬೀಳುವುದನ್ನು ನೋಡಿಯೇ ತಿಳಿಯಬೇಕು.

ಮಳೆಗಾಲ ಹಿಡಿದ ಮೇಲೆ ಇನ್ನೊಂದು ಬದಲಾವಣೆ. ಮೋಡ ಕವಿದ ಆಕಾಶದಲ್ಲಿ ಬೆಳಕು ಒಂದೇ ದಿಕ್ಕಿನಿಂದ ಬರುವುದಿಲ್ಲ, ಇಡೀ ಆಕಾಶದಿಂದ ಇಳಿಯುತ್ತದೆ. ಬಯಲಿಗೂ ಗೋಡೆಯ ಮರೆಗೂ ಇರುವ ಅಂತರ ಆಗ ಕಿರಿದಾಗುತ್ತದೆ.

ಈಗ ಅರಶಿನದ ಬದುಕನ್ನು ಈ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿ. ಏಪ್ರಿಲ್, ಮೇ ತಿಂಗಳ ಮೊದಲ ಮಳೆಗೆ ಗಡ್ಡೆ ಮಣ್ಣು ಸೇರುತ್ತದೆ. ಜೂನ್, ಜುಲೈಯಲ್ಲಿ ಎಲೆ ಬಿಚ್ಚುತ್ತದೆ. ಉತ್ತರದ ಹಿತ್ತಿಲಿಗೆ ಬೆಳಕು ಇರುವುದೂ ಆಗಲೇ. ಡಿಸೆಂಬರ್ ಹೊತ್ತಿಗೆ ಎಲೆ ಹಳದಿಯಾಗಿ ಒರಗುತ್ತದೆ, ಗಡ್ಡೆ ನೆಲದೊಳಗೆ ನಿದ್ದೆ ಹೋಗುತ್ತದೆ. ಮನೆಯ ನೆರಳು ಅತಿ ಉದ್ದ ಚಾಚುವುದೂ ಆಗಲೇ. ಶುಂಠಿ, ಮಾವಿನಶುಂಠಿ, ಸುವರ್ಣಗಡ್ಡೆ, ಕೂವೆ ಎಲ್ಲದರ ಕತೆಯೂ ಇಷ್ಟೇ. ಬೆಳಕು ಇಲ್ಲದ ತಿಂಗಳಲ್ಲಿ ಇವಕ್ಕೆ ಬೆಳಕೇ ಬೇಡ. ಮನೆಯ ಉತ್ತರ ಬದಿಗೆ ಇದಕ್ಕಿಂತ ಹೊಂದುವ ಬೆಳೆಯನ್ನು ನಾನು ಕಾಣೆ.

ದಕ್ಷಿಣ ಬದಿಯವರ ಲೆಕ್ಕ ತಿರುಗುಮುರುಗು. ಅಲ್ಲಿ ದೀಪಾವಳಿಯ ನಂತರ ಬಿಸಿಲು ಚೆನ್ನಾಗಿ ಬರುತ್ತದೆ. ಬಸಳೆ, ಹರಿವೆ, ಅಲಸಂಡೆಯ ಸಾಲಿಗೆ ಅದು ತಕ್ಕ ಜಾಗ. ಬಸಳೆ ಅರೆ ಬಿಸಿಲಿಗೂ ಒಗ್ಗುತ್ತದೆ, ಎಲೆ ಇನ್ನಷ್ಟು ದೊಡ್ಡದಾಗುತ್ತದೆ.

[ಚೌಕಟ್ಟು] ಮೂರು ಕಲ್ಲಿನ ಪರೀಕ್ಷೆ

ಮೋಡ ಇಲ್ಲದ ದಿನ ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 3 ಗಂಟೆಗೆ ಬಿಸಿಲು ಎಲ್ಲಿವರೆಗೆ ಬಂದಿದೆಯೋ ಅಲ್ಲಿ ಕಲ್ಲಿಡಿ. ಮೂರು ಹೊತ್ತೂ ಬಿಸಿಲಿರುವ ಜಾಗ ಕಾಯಿಪಲ್ಲೆಗೆ. ಒಂದು ಹೊತ್ತು ಮಾತ್ರ ಬರುವ ಜಾಗ ಸೊಪ್ಪಿಗೆ, ಗಡ್ಡೆಗೆ. ಯಾವ ಹೊತ್ತಿಗೂ ಬಾರದ ಜಾಗ ಕೆಸು, ತಿಮರೆಗೆ. ಮಧ್ಯಾಹ್ನದಲ್ಲೂ ಅಂಗೈಯ ನೆರಳು ನೆಲದ ಮೇಲೆ ಕಾಣದಷ್ಟು ಕತ್ತಲೆಯಿದ್ದರೆ ಅಲ್ಲಿ ಗೊಬ್ಬರದ ಗುಂಡಿ ಮಾಡಿ. ಈ ಪರೀಕ್ಷೆಯನ್ನು ಮೇ ತಿಂಗಳಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ ಮಾಡಬೇಕು.

ತೆಂಗಿನ ವಯಸ್ಸು ಕೇಳಿ

ಕಾಪುವಿನಂಥ ಕಡಲ ಬದಿಯ ಊರಲ್ಲಿ ನೆರಳು ಗೋಡೆಯದ್ದಲ್ಲ, ತೆಂಗಿನದ್ದು. ತೆಂಗಿನ ನೆರಳು ಮರದ ವಯಸ್ಸಿನ ಮೇಲೆ ನಿಂತಿದೆ. ನೆಟ್ಟ ಮೊದಲ ಏಳೆಂಟು ವರ್ಷ ಸುತ್ತ ಬೆಳಕಿರುತ್ತದೆ. ಅಲ್ಲಿಂದ ಇಪ್ಪತ್ತೈದು ವರ್ಷದವರೆಗೆ ಗರಿಗಳು ತಗ್ಗಿನಲ್ಲೇ ಹರಡಿ ಕಡು ನೆರಳು. ಇಪ್ಪತ್ತೈದು ದಾಟಿದ ಮರ ಎತ್ತರಕ್ಕೆ ಹೋಗಿರುತ್ತದೆ, ಗರಿಗಳ ನಡುವಿನಿಂದ ಚುಕ್ಕೆ ಚುಕ್ಕೆಯಾಗಿ ಬಿಸಿಲು ಇಳಿದು ನೆಲದ ಮೇಲೆ ಓಡಾಡುತ್ತದೆ. ಇಂಥ ಓಡಾಡುವ ನೆರಳಿನಲ್ಲಿ ಶುಂಠಿ, ಅರಶಿನ, ಸುವರ್ಣಗಡ್ಡೆ, ಕಾಳುಮೆಣಸು ಬಯಲಿಗಿಂತ ಆರೋಗ್ಯವಾಗಿರುತ್ತವೆ. ಹಳೆಯ ಮರವೆಂದು ಕಡಿಸುವ ಮುಂಚೆ ಬುಡದ ಬೆಳಕನ್ನು ಒಮ್ಮೆ ನೋಡಿ.

ತೆಂಗಿನ ಬೇರು ಹೆಚ್ಚಾಗಿ ಕಾಂಡದಿಂದ ಎರಡು ಮೀಟರ್ ಒಳಗೇ ಇರುತ್ತದೆ. ಆ ವರ್ತುಲದೊಳಗೆ ಅಗೆಯಬಾರದು. ಹೊರಗಿನ ಜಾಗವೇ ನಮ್ಮದು.

ಕಾಪುವಿನ ಮಣ್ಣು ಹೊಯಿಗೆ. ಹಾಕಿದ ನೀರೂ ಗೊಬ್ಬರವೂ ಕೆಳಗೆ ಇಳಿದು ಹೋಗುತ್ತದೆ. ಅದಕ್ಕೆ ಅಲ್ಲಿಯವರ ಹಳೆಯ ಉಪಾಯ ತೆಂಗಿನ ಸಿಪ್ಪೆ. ಒಂದಡಿ ಆಳದ ಸಾಲು ತೋಡಿ, ಸಿಪ್ಪೆಯನ್ನು ಹೊಟ್ಟೆ ಮೇಲಾಗಿ ಜೋಡಿಸಿ, ಮೇಲೆ ಹಟ್ಟಿಗೊಬ್ಬರ, ಸುಡುಮಣ್ಣು, ತರಗೆಲೆ. ಮಳೆ ನಿಂತ ಮೇಲೂ ಸಿಪ್ಪೆ ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಉಪ್ಪುಗಾಳಿ ನೇರ ಬಡಿಯುವಲ್ಲಿ ತೆಳ್ಳನೆಯ ಎಲೆಗಳು ಅಂಚಿನಿಂದ ಕರಟುತ್ತವೆ. ಆದ್ದರಿಂದ ಕೆಸು, ಅರಶಿನಕ್ಕೆ ಪಡುವಣ ಗಾಳಿಗೆ ಮನೆ ಅಡ್ಡವಿರುವ ಮೂಡು ಬದಿ ಒಳ್ಳೆಯದು.

ಮಣಿಪಾಲದ ಗುಡ್ಡದ ಕಷ್ಟ ಬೇರೆ. ಅಲ್ಲಿ ಗುದ್ದಲಿ ಹಾಕಿದರೆ ಅರ್ಧ ಅಡಿಗೇ ಮುರಕಲ್ಲು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್‌ಗೂ ಮೀರಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟು ನೀರು ಮಣ್ಣಿನ ಸಾರವನ್ನೂ ಸುಣ್ಣವನ್ನೂ ತೊಳೆದು, ಉಳಿದ ಕೆಂಪು ಮಣ್ಣು ಹುಳಿಯಾಗಿರುತ್ತದೆ. ಕೆಳಗೆ ಅಗೆಯುವ ಹಟ ಬಿಟ್ಟು ಮೇಲೆ ಏರಿಸುವುದೇ ಸರಿ: ಮುರಕಲ್ಲಿನ ಎರಡು ಸಾಲು ಕಟ್ಟಿ ಒಂದಡಿ ಎತ್ತರದ ಮಡಿ, ಅದಕ್ಕೆ ಹೊರಗಿನ ಮಣ್ಣು, ಗೊಬ್ಬರ, ಮಳೆಗೆ ಎರಡು ವಾರ ಮುಂಚೆ ಒಂದು ಹಿಡಿ ಚಿಪ್ಪು ಸುಣ್ಣ. ಗೋಡೆಗೆ ಬಿಳಿ ಸುಣ್ಣ ಬಳಿದರೂ ಮೂಲೆಗೆ ಬೆಳಕು ಹೆಚ್ಚುತ್ತದೆ.

ಕೆಸು, ಮರಕೆಸು

ನೆರಳಿನ ಹಿತ್ತಿಲಿಗೆ ಮೊದಲ ಗಿಡ ಯಾವುದೆಂದು ಕೇಳಿದರೆ ನಾನು ಕೆಸು ಎನ್ನುತ್ತೇನೆ. ಬಾವಿಕಟ್ಟೆಯ ನೀರು ಹರಿದು ಹೋಗುವ ಕಡೆ ಒಂದು ಗಡ್ಡೆ ಊರಿದರೆ ಮಳೆಗಾಲವಿಡೀ ಎಲೆ. ಎಲೆ, ದಂಟು, ಗಡ್ಡೆ ಮೂರೂ ಅಡುಗೆಗೆ ಆಗುತ್ತವೆ.

ಅದರ ತುರಿಕೆಗೆ ಕಾರಣ ಎಲೆಯೊಳಗಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು. ಅದಕ್ಕೇ ಪತ್ರೊಡೆಯ ಹಿಟ್ಟಿಗೆ ಹುಳಿ ಧಾರಾಳ, ಹಬೆಯಲ್ಲಿ ಬೇಯುವುದೂ ದೀರ್ಘ. ಅಕ್ಕಿ, ಹುಳಿ, ಮೆಣಸು, ಬೆಲ್ಲ ಅರೆದ ಹಿಟ್ಟನ್ನು ಎಲೆಯ ಬೆನ್ನಿಗೆ ಸವರಿ, ಎಲೆಯ ಮೇಲೆ ಎಲೆ ಇಟ್ಟು, ಸುತ್ತಿ, ಬೇಯಿಸಿದ ಈ ತಿಂಡಿಯನ್ನು 2021ರಲ್ಲಿ ಕೇಂದ್ರ ಆಯುಷ್ ಸಚಿವಾಲಯವೂ ತನ್ನ ಸಾಂಪ್ರದಾಯಿಕ ಆಹಾರಗಳ ಪುಸ್ತಿಕೆಗೆ ಸೇರಿಸಿಕೊಂಡಿತು.

ಕಾರ್ಕಳದವರಿಗೆ ಇನ್ನೂ ಒಂದು ಭಾಗ್ಯ ಉಂಟು. ಘಟ್ಟದ ಬುಡದ ತೇವಕ್ಕೆ ಅಲ್ಲಿಯ ಹಲಸು, ಮಾವಿನ ಕಾಂಡಗಳೆಲ್ಲ ಪಾಚಿ ಹೊದ್ದಿರುತ್ತವೆ. ಆ ಪಾಚಿಯಲ್ಲಿ ಮರಕೆಸು ಹುಟ್ಟುತ್ತದೆ. ನೆಲದ ಕೆಸುವಿಗಿಂತ ಇದರ ಪತ್ರೊಡೆಯೇ ರುಚಿ ಎನ್ನುವವರು ಬಹಳ. ಈ ಗಿಡದ ಬುಡದಿಂದ ನೆಟ್ಟಗೆ ಏಳುವ ಕಡ್ಡಿಯಲ್ಲಿ ಸಣ್ಣ ಸಣ್ಣ ಗಡ್ಡೆಗಳ ಗೊಂಚಲು ಇರುತ್ತದೆ. ಒಂದನ್ನು ಬೆರಳಲ್ಲಿ ಹಿಡಿದು ನೋಡಿ: ಜೋಳದ ಕಾಳಿಗಿಂತ ಕಿರಿದು, ಮೈತುಂಬ ಕೊಕ್ಕೆಯಂಥ ಸಣ್ಣ ಮುಳ್ಳು. ಬಟ್ಟೆಗೆ ಅಂಟಿದರೆ ಬಿಡದು. ಹಕ್ಕಿಯ ಗರಿಗೋ ಪ್ರಾಣಿಯ ರೋಮಕ್ಕೋ ಅಂಟಿಕೊಂಡೇ ಅದು ಮರದಿಂದ ಮರಕ್ಕೆ ಹೋಗುವುದು. ಹಿತ್ತಿಲಲ್ಲಿ ಹಳೆಯ ಮಾವಿನ ಮರವಿದ್ದರೆ ಜೂನ್‌ನಲ್ಲಿ ಇಂಥ ಗೊಂಚಲೊಂದನ್ನು ಕವಲಿನ ಪಾಚಿಗೆ ಒತ್ತಿ, ತೆಂಗಿನ ನಾರಿನಿಂದ ಕಟ್ಟಿ. ನೆಲದಲ್ಲಿ ಒಂದು ಚದರಡಿಯೂ ಖರ್ಚಾಗದ ಬೆಳೆ ಇದು.

ಒಂದು ಎಚ್ಚರಿಕೆ. ನರ್ಸರಿಯಲ್ಲಿ ಅಂದಕ್ಕೆಂದು ಮಾರುವ ಬಣ್ಣದ ಕ್ಯಾಲೇಡಿಯಂ, ಡೈಫೆನ್‌ಬೇಕಿಯಾಗಳು ನೋಡಲು ಕೆಸುವಿನ ಹಾಗೇ. ಅವು ತಿನ್ನುವಂಥವಲ್ಲ, ಬಾಯಿ ಗಂಟಲು ಊದಿಸುತ್ತವೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಅವನ್ನೂ ಕೆಸುವನ್ನೂ ಪಕ್ಕಪಕ್ಕ ನೆಡಬೇಡಿ.

ತಿಮರೆಯ ಗಂಟು

ಘಟ್ಟದ ಮೇಲಿನವರ ಒಂದೆಲಗ ನಮ್ಮ ತಿಮರೆ. ನಾಲ್ಕೆಲೆ ಕಿತ್ತು, ತೆಂಗಿನತುರಿ, ಹಸಿಮೆಣಸು, ಚೂರು ಹುಳಿ ಹಾಕಿ ಅರೆದರೆ ಬಿಸಿ ಗಂಜಿಗೆ ಮತ್ತೇನೂ ಬೇಡ.

ತಿಮರೆಯ ಒಂದು ಎಳೆಯನ್ನು ಮಣ್ಣಿನಿಂದ ಮೆಲ್ಲ ಎತ್ತಿ ನೋಡಿ. ದಾರದಷ್ಟು ತೆಳು, ನಸುಗೆಂಪು ಕಾಂಡ. ಎರಡು ಮೂರು ಇಂಚಿಗೊಂದು ಗಂಟು. ಪ್ರತಿ ಗಂಟಿನ ಕೆಳಗೆ ಬಿಳಿ ಬೇರಿನ ಸಣ್ಣ ಜಡೆ, ಮೇಲೆ ಉದ್ದ ತೊಟ್ಟಿನ ದುಂಡನೆಯ ಎಲೆ. ಒಂದು ಗಂಟು ಎಂದರೆ ಒಂದು ಪೂರ್ತಿ ಗಿಡ. ಕತ್ತರಿಯಿಂದ ಬಿಡಿಸಿ ಬೇರೆ ಕಡೆ ಒತ್ತಿದರೆ ಹತ್ತು ಹದಿನೈದು ದಿನದಲ್ಲಿ ಹೊಸ ಎಳೆ ಹೊರಡುತ್ತದೆ. ಆಳ ಬೇಕಾಗಿಲ್ಲ, ಅಗಲ ಬೇಕು. ಹಳೆಯ ಟಬ್ಬು, ಒಡೆದ ಸಿಂಕು, ಮೀನಿನ ಥರ್ಮಕೋಲ್ ಪೆಟ್ಟಿಗೆ ಯಾವುದಾದರೂ ಆದೀತು, ತಳಕ್ಕೆ ತೂತಿದ್ದರೆ. ಮಣಿಪಾಲದ ಫ್ಲ್ಯಾಟಿನ ಉತ್ತರದ ಬಾಲ್ಕನಿಗೆ ಇದೇ ಸರಿಯಾದ ಗಿಡ.

ಬಚ್ಚಲ ಕೊಳೆನೀರು ಹರಿಯುವಲ್ಲಿ ಇದು ಹುಲುಸಾಗಿ ಬೆಳೆಯುವುದು ನಿಜ. ಆದರೆ ತಿಮರೆಯನ್ನು ನಾವು ಹಸಿಯಾಗಿ ಅರೆದು ತಿನ್ನುವವರು. ಸೋಪಿನ, ಸೆಪ್ಟಿಕ್ ಟ್ಯಾಂಕಿನ ಒಸರು ನೀರಿನ ಹತ್ತಿರ ಖಂಡಿತ ಬೇಡ. ಆ ಕೆಸರಿಗೆ ಕೇನೆಬಾಳೆಯಂಥ ಹೂವಿನ ಗಿಡ ಸಾಕು.

ಅಂಚಿಗೆ, ಮರಕ್ಕೆ, ಕುಂಡಕ್ಕೆ

ಅರಶಿನಕ್ಕೆ ಪತ್ತನಾಜೆಯೇ ಗಡುವು ಎಂದಿಟ್ಟುಕೊಳ್ಳಿ. ಮೇ 24ರ ಆಸುಪಾಸಿನ ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಗಡ್ಡೆ ಮಣ್ಣು ಸೇರಿರಬೇಕು. ಕಡು ನೆರಳಲ್ಲಿ ಗಡ್ಡೆ ಸಣ್ಣದಾದೀತು, ಎಲೆಗೆ ಮಾತ್ರ ಮೋಸವಿಲ್ಲ. ಪಂಚಮಿಯ ಗಟ್ಟಿಗೆ, ಕೊಂಕಣಿ ಮನೆಗಳ ಪಾತೋಳಿಗೆ ನಾಲ್ಕೈದು ಬುಡ ಸಾಕಾಗುತ್ತದೆ. ಒಂದು ಬುಡದಿಂದ ಒಮ್ಮೆಗೆ ಒಂದೆರಡೇ ಎಲೆ ಕೀಳಬೇಕು. ಶುಂಠಿ ಇದಕ್ಕಿಂತ ನಾಜೂಕು. ಬುಡದಲ್ಲಿ ನೀರು ನಿಂತರೆ ಕೊಳೆರೋಗ ಗ್ಯಾರಂಟಿ, ಮಾಡಿನ ನೀರು ನೇರ ಬೀಳುವಲ್ಲಿ ನೆಡಲೇಬಾರದು.

ದೊಡ್ಡಪತ್ರೆಯನ್ನು ಜನ ಮಳೆಗೆ ಬಿಟ್ಟು ಕೊಳೆಯಿಸುತ್ತಾರೆ. ಅದರ ದಪ್ಪ ಎಲೆಯಲ್ಲಿ ಈಗಾಗಲೇ ಬೇಕಷ್ಟು ನೀರಿದೆ. ಅದಕ್ಕೆ ಜಗಲಿಯ ಅಂಚು, ಇಳಿಮಾಡಿನ ಅಡಿ ಹಿತ. ಮಗುವಿಗೆ ಶೀತವಾದಾಗ ಬಾಡಿಸಿ ರಸ ಹಿಂಡಲು ಅಡುಗೆಮನೆಯ ಬಾಗಿಲಿಗೆ ಹತ್ತಿರವಿರಲಿ.

ಕಾಳುಮೆಣಸಿಗೆ ತಳಿ ಮುಖ್ಯ. ಹೆಸರು ಕೇಳಿ ಪಣಿಯೂರು-1 ತರುವವರೇ ಹೆಚ್ಚು. ಕೇರಳದ ಪಣಿಯೂರು ಸಂಶೋಧನಾ ಕೇಂದ್ರದ ಈ ಪ್ರಸಿದ್ಧ ಹೈಬ್ರಿಡ್‌ಗೆ ಬೆಳಕು ಬೇಕು, ಕಡು ನೆರಳಲ್ಲಿ ಕದಿರು ಕಡಿಮೆ. ನೆರಳಿಗೆ ತಾಳಿಕೊಳ್ಳುವುದು ಕರಿಮುಂಡ. ಮಾವು, ಹಲಸಿನ ಒರಟು ತೊಗಟೆಗೆ ಹಬ್ಬಿಸಬೇಕು, ಬಳ್ಳಿಯನ್ನು ಮರದ ಉತ್ತರ ಅಥವಾ ಈಶಾನ್ಯಕ್ಕೆ ನೆಟ್ಟರೆ ಬೇಸಗೆಯ ಇಳಿಬಿಸಿಲಿನಿಂದ ರಕ್ಷಣೆ. ಮರವಿಲ್ಲದವರಿಗೆ ಪೊದೆ ಕಾಳುಮೆಣಸು. ಫಲ ಬಿಡುವ ಅಡ್ಡ ಕವಲಿನಿಂದ ಮಾಡಿದ ಗಿಡವಾದ್ದರಿಂದ ಹಬ್ಬುವುದಿಲ್ಲ, ಕುಂಡದಲ್ಲಿ ಪೊದೆಯಾಗಿ ನಿಂತು ಬೇಗ ಕದಿರು ಬಿಡುತ್ತದೆ. ಮನೆಯ ಸಾರಿಗೆ, ಕಷಾಯಕ್ಕೆ ಎರಡು ಕುಂಡ ಧಾರಾಳ.

ಹೂವೇ ಬೇಕು ಎಂಬವರಿಗೆ ಅಬ್ಬಲಿಗೆ. ಬೆಳಗಿನ ಎರಡು ಮೂರು ತಾಸು ಬಿಸಿಲು ಸಿಕ್ಕರೆ ಸಾಕು. ಕಿತ್ತಳೆ ಬಣ್ಣದ ಆ ಹೂ ಮಳೆಯ ಮಬ್ಬಿನಲ್ಲಿ ಕಣ್ಣಿಗೆ ಹಬ್ಬ. ಶ್ರಾವಣದ ಶುಕ್ರವಾರ, ಭಾನುವಾರ ಚೂಡಿ ಪೂಜೆ ಮಾಡುವ ಕೊಂಕಣಿ ಮನೆಗಳಲ್ಲಿ ಗರಿಕೆ ಮತ್ತು ಮಳೆಗಾಲದ ಹೂವುಗಳನ್ನು ಸೇರಿಸಿ ಚೂಡಿ ಕಟ್ಟುತ್ತಾರೆ. ಹಿತ್ತಿಲಲ್ಲಿ ಸಿಕ್ಕುವ ಹೂವೇ ಆ ವ್ರತದ ಚೆಂದ. ಗೋಡೆಯ ಬುಡದಲ್ಲಿ ಕರ್ಣಕುಂಡಲದ ಬೀಜ ಒಮ್ಮೆ ಚೆಲ್ಲಿದರೆ ಪ್ರತಿ ಜೂನ್‌ನಲ್ಲಿ ತಾನೇ ಹುಟ್ಟುತ್ತದೆ.

ಮರದ ಕೊಂಬೆಗೆ ಸೀತಾಳೆ ದಂಡೆ ಬೇಕೆಂದು ಕಾಡಿನಿಂದ ಕಿತ್ತು ತರುವುದನ್ನು ದಯವಿಟ್ಟು ಬಿಡಿ. ಅದು ಅಲ್ಲಿಯೇ ಇರಬೇಕಾದ್ದು.

[ಚೌಕಟ್ಟು] ಚಕ್ರಮುನಿ: ಬೇಯಿಸಿ, ಹಿತವಾಗಿ

'ವಿಟಮಿನ್ ಸೊಪ್ಪು' ಎಂದೇ ಹೆಸರಾದ ಚಕ್ರಮುನಿ ಕಂಪೌಂಡಿನ ಬದಿಯ ನೆರಳಲ್ಲೂ ಬೇಲಿಯಾಗಿ ಬೆಳೆಯುತ್ತದೆ. ಸವರಿದಷ್ಟೂ ಚಿಗುರು. ಆದರೆ 1990ರ ದಶಕದ ನಡುವಿನಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರಿಗೆ ವಾಸಿಯಾಗದ ಶ್ವಾಸಕೋಶದ ಕಾಯಿಲೆ ಬಂತು. ಪಲ್ಯ, ಹುಳಿ, ದೋಸೆಗೆ ಬೇಯಿಸಿ ಆಗಾಗ ತಿನ್ನಿ. ಹಸಿ ರಸ ಬೇಡ.

ನಾಗಬನ ಹೇಳಿಕೊಡುವುದು

ನೆರಳಿನ ತೋಟ ಹೇಗಿರುತ್ತದೆ ಎಂದು ಕಾಣಲು ದೂರ ಹೋಗಬೇಕಾಗಿಲ್ಲ. ಈ ಜಿಲ್ಲೆಯಲ್ಲಿ ಕುಟುಂಬಕ್ಕೊಂದು ನಾಗಬನ. ಕಡಿಯದೆ ಉಳಿಸಿದ ಬನದ ಹೊರಗೆ ನಿಂತು ಒಳಗೆ ನೋಡಿ. ಮೇಲೆ ರೆಂಜೆ, ಸುರಗಿಯಂಥ ಮರಗಳ ಚಪ್ಪರ. ಅದರ ಕೆಳಗೆ ಪೊದೆ, ಬೆತ್ತ, ಮರಕ್ಕೆ ತಬ್ಬಿದ ಬಳ್ಳಿ. ಬುಡದಲ್ಲಿ ಜರಿಗಿಡ, ಪಾಚಿ. ನೆಲದ ಮೇಲೆ ಗೇಣುದ್ದ ತರಗೆಲೆ. ಯಾರೂ ಗೊಬ್ಬರ ಹಾಕಿಲ್ಲ, ನೀರು ಹೊಯ್ದಿಲ್ಲ. ಎತ್ತರ, ನಡು, ಕೆಳಗು ಎಂದು ಗಿಡಗಳು ಬೆಳಕನ್ನು ಹಂಚಿಕೊಂಡಿವೆ. ಹತ್ತಡಿ ಹಿತ್ತಿಲಿಗೂ ಇದೇ ವ್ಯವಸ್ಥೆ ಹಿಡಿಸುತ್ತದೆ: ಮರಕ್ಕೆ ಮೆಣಸು, ನಡುವಿಗೆ ಅರಶಿನ, ಸುವರ್ಣಗಡ್ಡೆ, ನೆಲಕ್ಕೆ ತಿಮರೆ.

ಇಂಥ ಬನಗಳ ಮರ ಕಡಿದು, ನೆಲಕ್ಕೆ ಕಾಂಕ್ರೀಟು, ಟೈಲ್ಸು ಹಾಸಿ ಕಟ್ಟೆ ಕಟ್ಟುವುದನ್ನು ಕಂಡಾಗ ಸಂಕಟವಾಗುತ್ತದೆ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿದಾಗಲೂ ಅಷ್ಟೇ. ಮಳೆನೀರು ಇಂಗುವುದಿಲ್ಲ, ತರಗೆಲೆ ಕಸವಾಗುತ್ತದೆ, ಬೇಸಗೆಯಲ್ಲಿ ಬಾವಿ ಬತ್ತುತ್ತದೆ. ಹತ್ತಡಿ ಮಣ್ಣನ್ನಾದರೂ ತೆರೆದಿಡಿ.

ಬಸವನಹುಳು, ಸೊಳ್ಳೆ, ಹಾವು

ನೆರಳು, ತೇವ ಇರುವಲ್ಲಿ ಬಸವನಹುಳು ಬಂದೇ ಬರುತ್ತದೆ. ಆಫ್ರಿಕದ ದೊಡ್ಡ ಜಾತಿಯದು ಒಂದೇ ರಾತ್ರಿಗೆ ಎಳೆ ಗಿಡ ಮುಗಿಸುತ್ತದೆ. ಉಪ್ಪು ಎರಚಿದರೆ ಹುಳು ಸಾಯುತ್ತದೆ, ಮಣ್ಣೂ ಕೆಡುತ್ತದೆ. ಸಂಜೆ ಒದ್ದೆ ಗೋಣಿಯ ಅಡಿ ಪಪ್ಪಾಯಿ ಎಲೆ ಇಟ್ಟರೆ ಬೆಳಿಗ್ಗೆ ಅಲ್ಲೇ ಗುಂಪಾಗಿ ಸಿಕ್ಕುತ್ತವೆ. ಕೈಗೆ ಪ್ಲಾಸ್ಟಿಕ್ ಹಾಕಿಕೊಂಡು ಹೆಕ್ಕಿ.

ಸೊಳ್ಳೆ ಹುಟ್ಟುವುದು ಗಿಡದಲ್ಲಲ್ಲ, ಕುಂಡದ ಕೆಳಗಿನ ತಟ್ಟೆಯಲ್ಲಿ. ಮಳೆಗಾಲದಲ್ಲಿ ತಟ್ಟೆಗಳನ್ನು ತೆಗೆದೇ ಬಿಡಿ.

ಹಾವಿನ ಹೆದರಿಕೆ ಕೆಲವರಿಗೆ ಹಿತ್ತಿಲನ್ನೇ ಬೋಳು ಮಾಡಿಸುತ್ತದೆ. ಹಾವು ಬರುವುದು ಇಲಿ, ಕಪ್ಪೆಯ ಬೆನ್ನಿಗೆ, ಅಡಗುವುದು ಹೆಂಚು, ಕಲ್ಲು, ಕಟ್ಟಿಗೆ ರಾಶಿಯಲ್ಲಿ. ರಾಶಿ ತೆಗೆಯಿರಿ, ಗೋಡೆಗೂ ಗಿಡಕ್ಕೂ ನಡುವೆ ಎರಡಡಿ ದಾರಿ ಬಿಡಿ, ಸಂಜೆಯ ನಂತರ ಟಾರ್ಚಿಲ್ಲದೆ ಸೊಪ್ಪು ಕೀಳಲು ಹೋಗಬೇಡಿ.

ಈಗ ತಡವಾಯಿತೇ?

ಆಟಿ ಅರ್ಧ ಕಳೆದಿದೆ, ಇನ್ನು ಬರುವ ವರ್ಷವೇ ಎಂದುಕೊಳ್ಳಬೇಡಿ. ತಡವಾದದ್ದು ಶುಂಠಿ, ಅರಶಿನದ ಗಡ್ಡೆಗೆ ಮಾತ್ರ. ಯಾರದಾದರೂ ಹಿತ್ತಿಲಿಂದ ಮಣ್ಣು ಸಮೇತ ಒಂದು ಬುಡ ಅರಶಿನ ಎತ್ತಿ ತಂದರೆ ಈಗಲೂ ನಿಲ್ಲುತ್ತದೆ. ಕೆಸು, ತಿಮರೆ, ಚಕ್ರಮುನಿಯ ಕಡ್ಡಿ, ಬೇರು ಬಿಟ್ಟ ಮೆಣಸಿನ ಬಳ್ಳಿ ಇವೆಲ್ಲ ನೆಡಲು ಈ ಮಳೆಯೇ ಒಳ್ಳೆಯ ಕಾಲ.

ಕಾಳುಮೆಣಸಿನ ಗಿಡ, ಸುವರ್ಣಗಡ್ಡೆಯ ಬಿತ್ತಿಗೆ ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ, ದೊಡ್ಡಣಗುಡ್ಡೆಯ ತೋಟಗಾರಿಕೆ ಇಲಾಖೆಯ ಕ್ಷೇತ್ರದಲ್ಲಿ ಮೊದಲು ವಿಚಾರಿಸಿ. ಪೇಟೆಯ ನರ್ಸರಿಯಲ್ಲಿ ನೆರಳಿನ ಗಿಡ ಕೇಳಿದರೆ ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್ ಕೊಡುತ್ತಾರೆ. ಅವಕ್ಕೆ ನನ್ನ ತಕರಾರಿಲ್ಲ, ಆದರೆ ಅವು ಬಟ್ಟಲಿಗೆ ಬರುವುದಿಲ್ಲ.

ತಿಮರೆ, ಕೆಸು, ಮರಕೆಸು ಅಂಗಡಿಯಲ್ಲಿ ಗಿಡವಾಗಿ ಸಿಕ್ಕುವುದು ಅಪರೂಪ. ಅವು ಇರುವುದು ಆಚೆ ಮನೆಯ ಬಾವಿಕಟ್ಟೆಯಲ್ಲಿ. ಬೇಲಿಯ ಈ ಕಡೆಯಿಂದ ಕರೆದು "ಒಂದು ಬುಡ ತಿಮರೆ ಕೊಡ್ತೀರಾ ಅಕ್ಕ?" ಎಂದು ಕೇಳಿದರೆ ಬರಿ ಬುಡ ಮಾತ್ರ ಬರುವುದಿಲ್ಲ. ಯಾವ ಕಡೆ ನೆಡಬೇಕು, ಎಷ್ಟು ದಿನಕ್ಕೆ ಕೀಳಬೇಕು, ಚಟ್ನಿಗೆ ಎಷ್ಟು ಮೆಣಸು, ಎಲ್ಲವೂ ಜೊತೆಗೇ ಬರುತ್ತದೆ. ಡಿಸೆಂಬರ್‌ನಲ್ಲಿ ಅರಶಿನ ಕಿತ್ತಾಗ ಒಂದು ಪಾಲು ಗಡ್ಡೆಯನ್ನು ಒಣ ಹೊಯಿಗೆಯಲ್ಲಿ ಮುಚ್ಚಿ ನೆರಳಲ್ಲಿಡಿ. ಅರ್ಧ ನಿಮ್ಮ ಬಿತ್ತಿಗೆ, ಅರ್ಧ ಆ ಅಕ್ಕನಿಗೆ.